ಶ್ರಾವಣದ ಪೂಜೆ, ಉಪವಾಸ, ಎಣ್ಣೆಸ್ನಾನ: ಮನೆಯಲ್ಲಿರುವ ಹೆಂಗಸರು ಮೈ-ಮನಸ್ಸು ಕಾಪಾಡಿಕೊಳ್ಳುವ ಬಗೆ

ತುಳಸಿಕಟ್ಟೆ (ಚರ್ಚೆ ಆರಂಭಿಸಿದವರು)

ಶ್ರಾವಣಕ್ಕೆ ಇನ್ನು ಮೂರು ವಾರ. ಸೋಮವಾರ ಶಿವನಿಗೆ, ಮಂಗಳವಾರ ಗೌರಿಗೆ, ಶುಕ್ರವಾರ ಲಕ್ಷ್ಮಿಗೆ, ಶನಿವಾರ ಶ್ರೀನಿವಾಸನಿಗೆ. ನಡುವೆ ನಾಗರ ಪಂಚಮಿ, ಎರಡು ಏಕಾದಶಿ, ವರಮಹಾಲಕ್ಷ್ಮಿ, ಗೋಕುಲಾಷ್ಟಮಿ. ಮನೆ ನೋಡಿಕೊಂಡಿರುವ ಹೆಂಗಸರಿಗೆ ಇಷ್ಟು ತುಂಬಿದ ತಿಂಗಳು ವರ್ಷದಲ್ಲಿ ಇನ್ನೊಂದಿಲ್ಲ. ಆದರೆ ಗೌರಿ ಹಬ್ಬ ಬರುವಷ್ಟರಲ್ಲಿ ಸೊಂಟ ಹಿಡಿದಿರುತ್ತದೆ, ತಲೆ ಸುತ್ತುತ್ತದೆ, ಸ್ತೋತ್ರ ಬಾಯಲ್ಲಿ ನಡೆಯುತ್ತಿದ್ದರೂ ಮನಸ್ಸು ಕುಕ್ಕರಿನ ಸೀಟಿ ಎಣಿಸುತ್ತಿರುತ್ತದೆ.

ಇದಕ್ಕೆ ಮೂಲ ಕಾರಣ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಅಂದುಕೊಳ್ಳುವುದು. ನೈವೇದ್ಯಕ್ಕೆ ಏನು, ಅರಿಸಿನ-ಕುಂಕುಮಕ್ಕೆ ಯಾರು ಬರುತ್ತಾರೆ, ಬಾಳೆಎಲೆ ಎಷ್ಟು, ಬೆಳ್ಳಿ ಪಾತ್ರೆ ತೊಳೆದಾಯಿತೇ — ಇದು ಮನೆಯ ಪೂಜೆ. ಅಲ್ಲಿ ಗೃಹಿಣಿ ಇಡೀ ಮನೆಯ ಪರವಾಗಿ ದುಡಿಯುತ್ತಾಳೆ. ಅವಳ ಸ್ವಂತ ಅನುಷ್ಠಾನ, ಅಂದರೆ ತನಗಾಗಿ ಕೂತು ಮಾಡುವ ಜಪ-ಧ್ಯಾನ, ಬೇರೆ. ಅದಕ್ಕೆ ದಿನಕ್ಕೆ 20 ನಿಮಿಷ ಸಾಕು, ಆದರೆ ಆ 20 ನಿಮಿಷದಲ್ಲಿ ಯಾರಿಗೂ ಏನೂ ಬಡಿಸಬೇಕಾಗಿರಬಾರದು. ಮನೆಯ ಪೂಜೆ ಎಷ್ಟೇ ಚೆನ್ನಾಗಿ ನಡೆದರೂ ಅದು ಈ 20 ನಿಮಿಷದ ಜಾಗ ತುಂಬುವುದಿಲ್ಲ.

ತಿಳಿದವರು ತಂತಮ್ಮ ಕ್ರಮ ಬರೆಯಿರಿ. ಅಳತೆ, ಸಮಯ, ಎಲ್ಲಿ ಎಡವಟ್ಟಾಗುತ್ತದೆ ಅನ್ನುವುದು ಮುಖ್ಯ.

ಗೋಧೂಳಿ

20 ನಿಮಿಷವನ್ನು ಎಲ್ಲಿ ಇಡಬೇಕು ಅನ್ನುವುದರಲ್ಲೇ ಅರ್ಧ ಗೆಲುವು. ಬೆಳಿಗ್ಗೆ ಇಟ್ಟರೆ ಡಬ್ಬಿ ಕಟ್ಟುವ ಅವಸರ ನುಗ್ಗುತ್ತದೆ. ಊಟವಾದ ಕೂಡಲೇ ಕೂತರೆ ತೂಕಡಿಕೆ. ಸಂಜೆ ದೀಪ ಹಚ್ಚುವುದಕ್ಕೆ ಮುಂಚಿನ ಅರ್ಧ ಗಂಟೆ ಬಹಳ ಮನೆಗಳಲ್ಲಿ ಹೊಂದುತ್ತದೆ: ಹೊಟ್ಟೆ ಭಾರವಿರುವುದಿಲ್ಲ, ರಾತ್ರಿ ಅಡುಗೆಗೆ ಇನ್ನೂ ಹೊತ್ತಿರುತ್ತದೆ. ಮುಖ-ಕೈಕಾಲು ತೊಳೆದು ಕೂತು, ಕೊನೆಗೆ ಎದ್ದು ದೀಪ ಹಚ್ಚಿದರೆ ದಿನದ ಕ್ರಮಕ್ಕೆ ತಾನಾಗಿ ಕೂಡಿಕೊಳ್ಳುತ್ತದೆ.

ಆ ಹೊತ್ತಿನಲ್ಲಿ ಉದ್ದದ ಸ್ತೋತ್ರ ಹಿಡಿಯಬೇಡಿ. ವಿಷ್ಣುಸಹಸ್ರನಾಮ ಪೂರ್ತಿ ಹೇಳಲು 25-30 ನಿಮಿಷ ಬೇಕು. 20ರಲ್ಲಿ ಮುಗಿಸಲು ಹೋದರೆ ಓಟವಾಗುತ್ತದೆ. ಅದನ್ನು ಬೆಳಗಿನ ಪೂಜೆಗೇ ಬಿಟ್ಟು, ಇಲ್ಲಿ ಒಂದೇ ಶ್ಲೋಕ ಅಥವಾ ಒಂದು ದೇವರನಾಮದ ಒಂದು ನುಡಿ ತೆಗೆದುಕೊಳ್ಳಿ. ಒಮ್ಮೆ ಗಟ್ಟಿಯಾಗಿ ಓದಿ, ಪದ ಬಿಡಿಸಿ, ಅರ್ಥ ನೋಡಿ, ಮೂರು ಸಲ ಮೆಲ್ಲಗೆ ಹೇಳಿ, ಪುಸ್ತಕ ಮುಚ್ಚಿ ಐದು ನಿಮಿಷ ಸುಮ್ಮನೆ ಕೂಡಿ. ಉಳಿದ ಹೊತ್ತು ನಾಮಜಪ. ವರ್ಷಗಟ್ಟಲೆ ಬಾಯಿಪಾಠದಲ್ಲಿರುವ ಸ್ತೋತ್ರವೇ ಇದಕ್ಕೆ ಒಳ್ಳೆಯದು. ನಿತ್ಯ ಹೇಳುವ ಮಾತಿನ ಅರ್ಥ ಮೊದಲ ಬಾರಿ ಕಣ್ಣಿಗೆ ಬಿದ್ದಾಗ ಬತ್ತಿದ ಮನಸ್ಸು ತಾನೇ ಚಿಗುರುತ್ತದೆ.

ಮೊಬೈಲಿನಲ್ಲಿ ಸ್ತೋತ್ರ ಹಾಕಿಕೊಂಡು ಜೊತೆಗೆ ಹೇಳುವುದು ಕಲಿಯಲು ಸರಿ, ಅನುಷ್ಠಾನಕ್ಕಲ್ಲ. ನಡುವೆ ಜಾಹೀರಾತು, ಗುಂಪಿನ ಸಂದೇಶ, ಫೋನು ಬರುತ್ತವೆ. ದಪ್ಪಕ್ಷರದ ಪುಸ್ತಕ ತನ್ನಿ, ಕನ್ನಡಕ ಅದರ ಪಕ್ಕದಲ್ಲೇ ಇರಲಿ.

ಮಾತ್ರೆಡಬ್ಬಿ

ಉಪವಾಸ ಮತ್ತು ಔಷಧದ ಬಗ್ಗೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಹೆಚ್ಚು ಅಪಾಯ ಇಲ್ಲೇ ಇರುವುದರಿಂದ.

ಮೊದಲು ಶಾಸ್ತ್ರದ ಮಾತು. ವ್ರತವನ್ನು ಕೆಡಿಸದ ಎಂಟು ಎಂದು ಪ್ರಸಿದ್ಧ ಶ್ಲೋಕವೇ ಇದೆ: ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು (ಹೋಮದ ಆಹುತಿ), ಬ್ರಾಹ್ಮಣನ ಅಪೇಕ್ಷೆ, ಗುರುವಿನ ಮಾತು, ಔಷಧ. ಅಂದರೆ ಮಾತ್ರೆ ನುಂಗಿದರೆ, ಅದಕ್ಕೆ ನೀರು ಕುಡಿದರೆ ಏಕಾದಶಿ ಕೆಡುವುದಿಲ್ಲ. ಏಕಾದಶಿಯ ನಿಯಮವನ್ನೂ ಶಾಸ್ತ್ರ 8 ವರ್ಷ ದಾಟಿದ, 80 ತುಂಬದವರಿಗೆ ಹೇಳಿದೆ. 80 ದಾಟಿದ ಅಜ್ಜಿ ಹಟ ಹಿಡಿದರೆ ಇದನ್ನು ಮೆತ್ತಗೆ ನೆನಪಿಸಿ.

ಥೈರಾಯ್ಡ್ ಮಾತ್ರೆ ಎಂದಿನಂತೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ನೀರಿನ ಜೊತೆ. ಕಾಫಿಗೆ ಅರ್ಧದಿಂದ ಒಂದು ಗಂಟೆ, ಕಬ್ಬಿಣಾಂಶ ಅಥವಾ ಕ್ಯಾಲ್ಸಿಯಂ ಮಾತ್ರೆಗೆ 4 ಗಂಟೆ ಅಂತರ. ಉಪವಾಸ ಅಂತ ಇದನ್ನು ಬಿಡುವ ಅಗತ್ಯವೇ ಇಲ್ಲ.

ಸಕ್ಕರೆ ಕಾಯಿಲೆಯವರು ಉಪವಾಸಕ್ಕೆ ಒಂದು ವಾರ ಮುಂಚೆ ವೈದ್ಯರನ್ನು ಕೇಳಲೇಬೇಕು. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ತರಹದ ಮಾತ್ರೆಗಳು ಊಟ ಮಾಡಲಿ ಬಿಡಲಿ ಇನ್ಸುಲಿನ್ ಹೊರಡಿಸುತ್ತವೆ. ಹೊಟ್ಟೆ ಖಾಲಿಯಿದ್ದು ಈ ಮಾತ್ರೆ ಒಳಗಿದ್ದರೆ ಸಕ್ಕರೆ ಕುಸಿಯುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರಿಗೆ ಅಪಾಯ ಬೇರೆ ರೀತಿಯದು: ನಿರಾಹಾರ, ನಿರ್ಜಲದಲ್ಲಿ ರಕ್ತದಲ್ಲಿ ಕೀಟೋನ್ ಆಮ್ಲ ಏರಬಹುದು, ಸಕ್ಕರೆ ಅಷ್ಟೇನೂ ಹೆಚ್ಚು ತೋರಿಸದಿದ್ದರೂ ವಾಂತಿ, ಹೊಟ್ಟೆನೋವು, ಏದುಸಿರು ಬರುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರು ತಾವೇ ಪ್ರಮಾಣ ಇಳಿಸುವುದೂ ಬೇಡ, ಬಿಡುವುದೂ ಬೇಡ.

ಕೈ ನಡುಗಿದರೆ, ಬೆವರು ಕಿತ್ತುಕೊಂಡರೆ, ಕಣ್ಣು ಮಂಜಾದರೆ ಮೀಟರಿನಲ್ಲಿ ನೋಡಿ. 70ಕ್ಕಿಂತ ಕೆಳಗಿದ್ದರೆ 3 ಟೀ ಚಮಚ ಸಕ್ಕರೆ ನೀರಿಗೆ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಮೀಟರು ಹತ್ತಿರವಿಲ್ಲದಿದ್ದರೆ ಕಾಯಬೇಡಿ, ಮೊದಲು ಸಕ್ಕರೆ. ಅಲ್ಲಿಗೆ ಆ ದಿನದ ಉಪವಾಸ ಮುಗಿಯಿತು. ಪಾರಣೆವರೆಗೂ (ಮರುದಿನ ಉಪವಾಸ ಬಿಡುವ ಊಟದವರೆಗೂ) ತಡೆದುಕೊಳ್ಳುತ್ತೇನೆ ಅನ್ನುವ ಹೊತ್ತಲ್ಲ ಅದು.

ರಕ್ತದೊತ್ತಡಕ್ಕೆ ನೀರು ಹೋಗಿಸುವ ಮಾತ್ರೆ ತೆಗೆದುಕೊಳ್ಳುವವರು ನಿರ್ಜಲ ಮಾಡಿದರೆ ನಮಸ್ಕಾರ ಮಾಡಿ ಏಳುವಾಗ ಕಣ್ಣು ಕತ್ತಲೆ ಬರುತ್ತದೆ. ಇವರು ನೀರು ಬಿಡಲೇಬಾರದು.

ಮೊಗ್ಗಿನಜಡೆ

ಏಕಾದಶಿ ಸಂಜೆ ತಲೆ ಸಿಡಿಯುವುದು ಪಿತ್ತದಿಂದಲೇ? ಸಬ್ಬಕ್ಕಿ ತಿಂದರೂ ಕಡಿಮೆಯಾಗುವುದಿಲ್ಲ ಅಂತ ಎಷ್ಟೋ ಜನ ಹೇಳುತ್ತಾರೆ.

ಮಾತ್ರೆಡಬ್ಬಿ

@ಮೊಗ್ಗಿನಜಡೆ ಬಹಳ ಸಲ ಅದು ಕಾಫಿಯ ತಲೆನೋವು. ನಿತ್ಯ ಎರಡು ಮೂರು ಲೋಟ ಕುಡಿಯುವವರು ನಿಲ್ಲಿಸಿದ 12ರಿಂದ 24 ಗಂಟೆಯೊಳಗೆ ಶುರುವಾಗುತ್ತದೆ. ಏಕಾದಶಿಗೆ ನಾಲ್ಕು ದಿನ ಮುಂಚಿನಿಂದ ಡಿಕಾಕ್ಷನ್ ಸ್ವಲ್ಪ ಸ್ವಲ್ಪ ತೆಳು ಮಾಡುತ್ತ ಬಂದು ದಶಮಿಗೆ ಅರ್ಧ ಲೋಟಕ್ಕೆ ನಿಲ್ಲಿಸಿದರೆ ಸಾಕಷ್ಟು ತಪ್ಪುತ್ತದೆ. ಸಬ್ಬಕ್ಕಿ ಹೆಚ್ಚುಕಡಿಮೆ ಬರೀ ಪಿಷ್ಟ. ತಿಂದ ಸ್ವಲ್ಪ ಹೊತ್ತಿಗೆ ಮತ್ತೆ ಹಸಿವು. ಫಲಾಹಾರ ಮಾಡುವ ಮನೆಗಳಲ್ಲಿ ಹಾಲು, ಬಾಳೆಹಣ್ಣು, ಶೇಂಗಾ ನಡೆಯುವ ಕಡೆ ಒಂದು ಹಿಡಿ ಶೇಂಗಾ ಹೆಚ್ಚು ಹೊತ್ತು ತಡೆಯುತ್ತವೆ.

ದ್ವಾದಶಿ

ಪಾರಣೆಯ ಬಗ್ಗೆ ಯಾರೂ ಮಾತಾಡುವುದಿಲ್ಲ, ಆದರೆ ಹೆಂಗಸರು ಬೀಳುವುದು ಏಕಾದಶಿಯಂದಲ್ಲ, ದ್ವಾದಶಿ ಬೆಳಿಗ್ಗೆ ಒಲೆಯ ಮುಂದೆ. ಲೆಕ್ಕ ಹಾಕಿ: ದಶಮಿ ಏಕಭುಕ್ತ, ಅಂದರೆ ದಿನಕ್ಕೆ ಒಂದೇ ಊಟ, ಅದು ಮಧ್ಯಾಹ್ನ 1ಕ್ಕೆ. ದ್ವಾದಶಿ ಬೆಳಿಗ್ಗೆ 7ಕ್ಕೆ ಪಾರಣೆ. ನಡುವೆ 42 ಗಂಟೆ. ಆ 42ನೇ ಗಂಟೆಯಲ್ಲಿ ಅಡುಗೆ ಮಾಡುವವಳೂ ಉಪವಾಸದವಳೇ. ನಾಲ್ಕೂವರೆಗೆ ಎದ್ದು ಎರಡು ಪಲ್ಯ, ತೊವ್ವೆ, ಸಾರು, ಪಾಯಸ ಅಂದರೆ ಆಗುವುದು ಇದೇ.

ಪಾರಣೆಗೆ ಬೇಕಾದ್ದು ಕಡಿಮೆ: ತೀರ್ಥ, ನೆಲ್ಲಿಕಾಯಿ, ಅಗಸೆಸೊಪ್ಪಿನ ಪಲ್ಯ, ಮೆತ್ತಗಿನ ಅನ್ನ, ತೊವ್ವೆ, ತುಪ್ಪ. ಇಷ್ಟಕ್ಕೆ 40 ನಿಮಿಷ ಸಾಕು. ಅನ್ನ-ಬೇಳೆ ಇಡುವ ಕೆಲಸ ಆ ದಿನ ಉಪವಾಸವಿಲ್ಲದ ಕೈಗೆ, ಅಂದರೆ ಗಂಡನಿಗೋ ಮಗನಿಗೋ ಹೋಗಲಿ. ಇಬ್ಬರದೂ ಉಪವಾಸವಾದರೆ ಅಡುಗೆಯನ್ನೇ ಇನ್ನೂ ಕಿರಿದು ಮಾಡಿ. ಮೊದಲ ತುತ್ತಿಗೆ ಹುಳಿ-ಖಾರ ಬೇಡ, ಕಾಫಿ ಕೊನೆಗೆ. ದ್ವಾದಶಿಯ ಮೊದಲ ಕಾಲುಭಾಗ ಹರಿವಾಸರ, ಅದು ಕಳೆಯಬೇಕು, ದ್ವಾದಶಿ ತಿಥಿ ಮುಗಿಯುವುದರೊಳಗೆ ಊಟವಾಗಬೇಕು. ಹೀಗಾಗಿ ಹಿಂದಿನ ರಾತ್ರಿಯೇ ಪಂಚಾಂಗ ನೋಡಿಟ್ಟುಕೊಳ್ಳಿ. ಎಷ್ಟೋ ಸಲ ನಾಲ್ಕೂವರೆಗೆ ಏಳಬೇಕಾದ ಅಗತ್ಯವೇ ಇರುವುದಿಲ್ಲ.

ಹಂಡೆಒಲೆ

ಎಣ್ಣೆಸ್ನಾನವನ್ನು ದೀಪಾವಳಿಗೆ ಮೀಸಲಿಟ್ಟಿದ್ದೇವೆ. ಹೆಂಗಸರಿಗೆ ಮಂಗಳವಾರ, ಶುಕ್ರವಾರ ಎಂದು ಹಿರಿಯರು ವಾರಕ್ಕೆರಡು ದಿನ ಕೊಟ್ಟಿದ್ದರು. ಏಕಾದಶಿಯಂದು ಕೂಡದು. ವ್ರತದ ದಿನದ ಅವಸರದಲ್ಲಿ ತುರುಕಬೇಡಿ. ಎದುರಿಗೆ ಒಂದೂವರೆ ಗಂಟೆ ಬಿಡುವಿರಬೇಕು.

ಮೈಗೆ ಎಳ್ಳೆಣ್ಣೆ 3 ದೊಡ್ಡ ಚಮಚ, ತಲೆಗೆ ಕೊಬ್ಬರಿ ಎಣ್ಣೆ 2. ಉಷ್ಣ ಹೆಚ್ಚಿರುವವರು ನಡುನೆತ್ತಿಗೆ ಮಾತ್ರ ಅರ್ಧ ಚಮಚ ಹರಳೆಣ್ಣೆ. ಇಡೀ ತಲೆಗೆ ಹರಳೆಣ್ಣೆ ಹಾಕಿದರೆ ಸೀಗೆಪುಡಿ ಮೂರು ಸಲ ಹಚ್ಚಿದರೂ ಬಿಡುವುದಿಲ್ಲ. ಎಣ್ಣೆಯನ್ನು ಒಲೆಯ ಮೇಲೆ ನೇರ ಇಡದೆ ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಬೆಚ್ಚಗೆ ಮಾಡಿ. ನೆತ್ತಿಯಿಂದ ಶುರು, ಆಮೇಲೆ ಕಿವಿಯ ಹಿಂಭಾಗ, ಕುತ್ತಿಗೆ, ಭುಜ. ಕೈಕಾಲಿಗೆ ಉದ್ದಕ್ಕೆ, ಮಂಡಿ-ಮೊಣಕೈಗೆ ಸುತ್ತಲೂ, ಹೊಟ್ಟೆಗೆ ಬಲಸುತ್ತು. ಅಂಗಾಲನ್ನು ಮರೆಯುವವರೇ ಹೆಚ್ಚು. ಇಡೀ ದಿನ ಅಡುಗೆಮನೆಯ ಕಲ್ಲಿನ ಮೇಲೆ ನಿಲ್ಲುವುದು ಅದೇ. ಹೆಬ್ಬೆರಳಿನಿಂದ ಹಿಮ್ಮಡಿಯಿಂದ ಬೆರಳ ಬುಡದವರೆಗೆ ಒತ್ತಿ ಎಳೆಯಿರಿ, ಒಂದೊಂದು ಕಾಲಿಗೆ ಎರಡು ನಿಮಿಷ. ಅಂಗಾಲಿನದು ಕೊನೆಗೆ, ಕೂತಲ್ಲೇ. ಹಚ್ಚಿದ ಮೇಲೆ ಒರೆಸದೆ ಏಳಬೇಡಿ.

20ರಿಂದ 30 ನಿಮಿಷ ಬಿಟ್ಟು ಸ್ನಾನ. ಮೈಗೆ ಕಡಲೆಹಿಟ್ಟು ಅಥವಾ ಹೆಸರುಹಿಟ್ಟು 3 ಚಮಚ, ತಲೆಗೆ ಸೀಗೆಪುಡಿ 3 ಚಮಚ, ಅದಕ್ಕೆ 1 ಚಮಚ ಚಿಗರೆಪುಡಿ ಬೆರೆಸಿದರೆ ಕೂದಲು ಒರಟಾಗುವುದಿಲ್ಲ. ಪುಡಿಯನ್ನು ಅನ್ನದ ಗಂಜಿಯಲ್ಲಿ ಕಲಸಿದರೆ ಇನ್ನೂ ಚೆನ್ನ. ಸೀಗೆ ಕಣ್ಣಿಗೆ ಬಿದ್ದರೆ ಉಜ್ಜದೆ ತಣ್ಣೀರು ಎರಚಿಕೊಳ್ಳಿ.

ಹಳೆಯ ಬಚ್ಚಲ ಕಲ್ಲು ಒರಟಾಗಿತ್ತು, ಈಗಿನ ಟೈಲ್ಸ್ ಹಾಗಲ್ಲ. ಒಳಗೆ ಹೋಗುವ ಮುಂಚೆ ಗೋಣಿತಾಟೋ ರಬ್ಬರ್ ಮ್ಯಾಟೋ ಹಾಸಿ, ಸ್ಟೂಲಿನ ಮೇಲೆ ಕೂತೇ ಸ್ನಾನ ಮಾಡಿ. ಮುಗಿದ ಮೇಲೆ ನೆಲಕ್ಕೆ ಉಳಿದ ಕಡಲೆಹಿಟ್ಟು ಉದುರಿಸಿ ಪೊರಕೆಯಲ್ಲಿ ಉಜ್ಜಿ ಬಿಸಿನೀರು ಹೊಯ್ಯಿರಿ. ಮುಂದೆ ಹೋಗುವ ಅತ್ತೆಯೋ ಮಾವನೋ ಜಾರುವುದು ತಪ್ಪುತ್ತದೆ. ಜ್ವರ, ನೆಗಡಿ, ಅಜೀರ್ಣವಿದ್ದರೆ ಬೇಡ. ಎಣ್ಣೆಸ್ನಾನದ ದಿನ ಮೆಣಸಿನ ಸಾರು-ಅನ್ನ ಸಾಕು, ನಾಲ್ಕು ಬಗೆಯ ಅಡುಗೆ ಬೇಡ.

ಶರಣೆ_ಕಲಬುರಗಿ

ನಮ್ಮ ಕಡೆ ಸಂಗತಿ ಸ್ವಲ್ಪ ಬ್ಯಾರೆ ಅದರಿ. ಇಷ್ಟಲಿಂಗ ಪೂಜಿಗೆ ಹೆಣ್ಣು ಗಂಡು ಭೇದ ಇಲ್ಲ, ಯಾರೂ ನಡುವ ಬೇಕಾಗಿಲ್ಲ. ತುಳಸಿಕಟ್ಟೆ ಅಕ್ಕಾರು ಹೇಳಿದ ‘ಸ್ವಂತ ಅನುಷ್ಠಾನ’ ನಮಗ ಅಂಗೈ ಮ್ಯಾಲೇ ಅದ. ಆದ್ರ ಅವಸರದಾಗ ವಿಭೂತಿ, ಪತ್ರಿ ಏರಿಸಿ, ನೀರು ಹಾಕಿ ಎರಡು ನಿಮಿಷದಾಗ ಮುಗಿಸೋದು ರೂಢಿ ಆಗ್ಯದ. ದೃಷ್ಟಿ ನಿಲ್ಲಿಸೋ ಭಾಗನೇ ಬಿಟ್ಟುಹೋಗ್ತದ.

ಲಿಂಗ ಎಡ ಅಂಗೈ ಮ್ಯಾಲೆ, ಎದಿ ಮಟ್ಟಕ್ಕ, ಕಣ್ಣಿಂದ ಒಂದು ಗೇಣು ಒಂದೂವರಿ ಗೇಣು ದೂರ ಹಿಡೀರಿ. ದೀಪ ಬೆನ್ನ ಹಿಂದ ಸ್ವಲ್ಪ ಮ್ಯಾಲೆ ಇರಲಿ. ಕಂತಿ (ಲಿಂಗದ ಮ್ಯಾಲಿನ ಹೊದಿಕಿ) ಕರ್ರಗ ಮಿಂಚೋದರಿಂದ ಅದರ ಮ್ಯಾಲೆ ಬೆಳಕಿನ ಒಂದು ಚುಕ್ಕಿ ಕಾಣ್ತದ. ದೃಷ್ಟಿ ಆ ಚುಕ್ಕಿ ಮ್ಯಾಲೆ. ಕೈ ಸೋತು ನಡುಗ್ತದ ಅಂದ್ರ ತೊಡಿ ಮ್ಯಾಲೆ ದಿಂಬು ಇಟ್ಟು ಮೊಣಕೈ ಅದಕ್ಕ ಆನಿಸ್ರಿ. ನಲವತ್ತು ದಾಟಿದವರಿಗೆ ಅಷ್ಟು ಹತ್ತಿರದ ಚುಕ್ಕಿ ಮಸಕ ಕಾಣ್ತದ, ಅದಕ್ಕ ಮನಸ್ಸು ನಿಲ್ಲಂಗಿಲ್ಲ. ಚಾಳೀಸು ಹಾಕ್ಕೊಂಡು ಕೂಡ್ರಿ, ಏನೂ ತಪ್ಪಿಲ್ಲ. ರೆಪ್ಪಿ ಬಡೀಬಾರದು ಅಂತ ಹಟ ಬ್ಯಾಡ. ಮೊದಲ ವಾರ 3 ನಿಮಿಷ, ವಾರಕ್ಕ ಒಂದೊಂದು ನಿಮಿಷ ಏರಿಸ್ರಿ. ಕಣ್ಣಾಗ ನೀರು ಬಂದ್ರ ಮುಚ್ಚಿ, ಒಳಗ ಅದೇ ಚುಕ್ಕಿ ನೋಡ್ರಿ.

ಮುಟ್ಟಿನ ದಿನದಾಗ ಬಿಡಬೇಕೇನು ಅಂತ ಕೇಳೋರು ಬಹಳ. ಶರಣರು ಪಂಚಸೂತಕ ಒಪ್ಪಲಿಲ್ಲ. ಜಾತಿ, ಜನನ, ಮರಣ, ಎಂಜಲು, ರಜಸ್ಸು, ಐದನ್ನೂ ಕಳದ್ರು. ಬಿಡೋ ಪ್ರಶ್ನೇನೇ ಇಲ್ಲ.

ತುಳಸಿಕಟ್ಟೆ

ಶರಣೆ ಅವರೇ, ದೀಪದ ಜಾಗ ಮತ್ತು ಚಾಳೀಸಿನ ಮಾತು ಎಲ್ಲರಿಗೂ ಉಪಯೋಗ. ಮುಟ್ಟಿನ ನಿಯಮ ಪಾಲಿಸುವ ಮನೆಗಳಲ್ಲಿ ವರಮಹಾಲಕ್ಷ್ಮಿಗೆ ಮುಟ್ಟು ಮುಂದೂಡುವ ಮಾತ್ರೆ ಈಗ ಅತಿ ಸಾಮಾನ್ಯವಾಗಿದೆ. ಮಾತ್ರೆಡಬ್ಬಿ, ಇದರ ಬಗ್ಗೆ?

ಮಾತ್ರೆಡಬ್ಬಿ

ಅದು ನೊರೆಥಿಸ್ಟೆರೋನ್. ಸಾಮಾನ್ಯವಾಗಿ ವೈದ್ಯರು 5 ಮಿಲಿಗ್ರಾಂ ದಿನಕ್ಕೆ ಮೂರು ಸಲ, ಮುಟ್ಟಿಗೆ ಮೂರು ದಿನ ಮುಂಚಿನಿಂದ ಬರೆಯುತ್ತಾರೆ. ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟಾಗುತ್ತದೆ. ತಡವಾಗಿ ಶುರು ಮಾಡಿದರೆ ಹಬ್ಬದ ದಿನವೇ ಚುಕ್ಕಿ ಚುಕ್ಕಿ ಕಾಣಿಸಿಕೊಳ್ಳುತ್ತದೆ, ಆಗ ಹೆದರಿ ಇನ್ನೂ ಹೆಚ್ಚು ನುಂಗುತ್ತಾರೆ. ಈ ಪ್ರಮಾಣದಲ್ಲಿ ಔಷಧದ ಸಣ್ಣ ಪಾಲು ಮೈಯಲ್ಲಿ ಈಸ್ಟ್ರೋಜನ್ ಆಗಿ ಮಾರ್ಪಡುತ್ತದೆ, ರಕ್ತ ಹೆಪ್ಪುಗಟ್ಟುವ ಭಯ ಅದರಿಂದ. ಕಾಲಿನಲ್ಲಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಯಕೃತ್ತಿನ ಕಾಯಿಲೆ ಅಥವಾ ಸ್ತನ ಕ್ಯಾನ್ಸರ್ ಇದ್ದವರು ಮುಟ್ಟಲೇಬಾರದು. ಅರೆತಲೆನೋವು ಇರುವವರು, ತೂಕ ಬಹಳ ಹೆಚ್ಚಿರುವವರು ವೈದ್ಯರಿಗೆ ಮೊದಲೇ ಹೇಳಬೇಕು. ನುಂಗುತ್ತಿರುವಾಗ ಒಂದೇ ಕಾಲು ಊದಿ ನೋವಾದರೆ, ಎದೆ ನೋವು ಅಥವಾ ಉಸಿರಾಟ ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ. ಪಕ್ಕದ ಮನೆಯವರ ಪಟ್ಟಿಯಿಂದ ಎರಡು ಮಾತ್ರೆ ಮುರಿದು ತೆಗೆದುಕೊಳ್ಳುವುದಂತೂ ಬೇಡವೇ ಬೇಡ.

ದ್ವಾದಶಿ

ಅದಕ್ಕಿಂತ ಸುಲಭದ ದಾರಿ ಸಂಪ್ರದಾಯದಲ್ಲೇ ಇದೆ. ವರಮಹಾಲಕ್ಷ್ಮಿ ವ್ರತ ಹುಣ್ಣಿಮೆಗೆ ಹಿಂದಿನ ಶುಕ್ರವಾರ. ಅಂದು ಆಗದವರು ಶ್ರಾವಣದ ಇನ್ನೊಂದು ಶುಕ್ರವಾರ ಮಾಡುವ ಪದ್ಧತಿ ಬಹಳ ಮನೆಗಳಲ್ಲಿದೆ. ದೂರ ಕೂತ ದಿನಗಳಲ್ಲೂ ನಾಮಸ್ಮರಣೆಗೆ ಅಡ್ಡಿಯಿಲ್ಲ. ಜಪಮಣಿ ಮುಟ್ಟದೆ ಮನಸ್ಸಿನಲ್ಲೇ ಹೇಳಿಕೊಳ್ಳಿ. ಬಡಿಸುವ ಕೆಲಸವೂ ಇಲ್ಲದ ಆ ಮೂರು ದಿನ ಸ್ವಂತ ಅನುಷ್ಠಾನಕ್ಕೆ ವರ್ಷದಲ್ಲೇ ಸಿಗುವ ಅತಿ ದೊಡ್ಡ ಬಿಡುವು.

ಮಲೆನಾಡ_ಮಳೆ

ಮಡಿ ಬಗ್ಗೆ ಒಂದು ಮಾತು. ಶ್ರಾವಣ ಅಂದರೆ ಮಳೆ, ಮಡಿಸೀರೆ ಒಣಗುವುದಿಲ್ಲ. ಒದ್ದೆ ಸೀರೆಯನ್ನೇ ಹಿಂಡಿ ಉಟ್ಟು ಮೂರು ಗಂಟೆ ಅಡುಗೆಮನೆಯ ಶೆಕೆಯಲ್ಲಿದ್ದರೆ ಲಂಗದ ದಾರ ಕಟ್ಟುವ ಜಾಗ, ತೊಡೆಸಂದಿಯಲ್ಲಿ ಹುಳುಕಡ್ಡಿ ಗ್ಯಾರಂಟಿ. ಮಡಿಗೆ ಪಟ್ಟೆಸೀರೆ, ಧಾಬಳಿ (ಉಣ್ಣೆಯ ಬಟ್ಟೆ) ಒಪ್ಪಿಗೆಯಿದೆಯಲ್ಲ. ಮಳೆಗಾಲದ ನಾಲ್ಕು ತಿಂಗಳು ಅದನ್ನೇ ಉಡಿ. ಆಗಲೇ ತುರಿಕೆ ಶುರುವಾಗಿದ್ದರೆ ಸ್ಟಿರಾಯ್ಡ್ ಬೆರೆತ ಮಿಶ್ರ ಮುಲಾಮು ಹಚ್ಚಬೇಡಿ. ಎರಡು ದಿನ ತಣ್ಣಗಾಗಿ, ಆಮೇಲೆ ಎರಡರಷ್ಟು ಹಬ್ಬುತ್ತದೆ. ಬರೀ ಶಿಲೀಂಧ್ರಕ್ಕೆ ಇರುವ ಮುಲಾಮನ್ನು, ಗುಣವಾದಂತೆ ಕಂಡ ಮೇಲೂ ಎರಡು ವಾರ ಹಚ್ಚಬೇಕು.

ಇನ್ನೊಂದು, ಬೆಳಗಿನ ಹಸಿವು. ಮಹಾನೈವೇದ್ಯ ಆಗುವವರೆಗೆ, ಅಂದರೆ 12ರವರೆಗೆ ಬಾಯಿಗೆ ಏನೂ ಹಾಕದ ಮನೆಗಳಿವೆ. ಬೆಳಿಗ್ಗೆ 7ಕ್ಕೆ ಹಾಲು-ಸಕ್ಕರೆ, ಬಾಳೆಹಣ್ಣು, ನೆನೆಸಿದ ಅವಲಕ್ಕಿ-ಬೆಲ್ಲ ನೈವೇದ್ಯ ಮಾಡಿ ಪ್ರಸಾದವೆಂದು ತೆಗೆದುಕೊಳ್ಳಿ. ಕ್ರಮವೂ ಉಳಿಯಿತು, ಹೊಟ್ಟೆಯೂ ಉಳಿಯಿತು.

ಮೊಗ್ಗಿನಜಡೆ

ಮಂಡಿನೋವಿದ್ದು ಕೆಳಗೆ ಕೂರಲಾಗದವರು?

ಗೋಧೂಳಿ

ಸ್ವಲ್ಪ ನೋವಿದ್ದರೆ 4 ಅಂಗುಲದ ಮಣೆ, ಅದರ ಮೇಲೆ ಮಡಿಸಿದ ಚಾಪೆ. ಸೊಂಟ ಮಂಡಿಗಿಂತ ಎತ್ತರದಲ್ಲಿದ್ದರೆ ಕಾಲು ಜುಮ್ಮೆನ್ನುವುದು ಕಡಿಮೆ. 15 ನಿಮಿಷಕ್ಕೊಮ್ಮೆ ಕಾಲು ಬದಲಿಸಿ. ಜಾಸ್ತಿ ನೋವಿದ್ದರೆ ಕುರ್ಚಿಯೇ ಸರಿ, ಆದರೆ ದೇವರ ಮಣೆಯನ್ನೂ ಮೇಜಿನ ಮೇಲೇರಿಸಿ. ಕುರ್ಚಿಯಲ್ಲಿ ಕೂತು ನೆಲದ ದೇವರಿಗೆ ಬಗ್ಗಿ ಬಗ್ಗಿ ಹೂ ಏರಿಸಿದರೆ ಮಂಡಿ ಉಳಿದು ಸೊಂಟ ಹೋಗುತ್ತದೆ. ದೇವರಕೋಣೆ ಚಿಕ್ಕದಾಗಿದ್ದರೆ ಸಾಂಬ್ರಾಣಿ ಹಾಕುವಾಗ ಬಾಗಿಲು ತೆರೆದಿಡಿ. ಉಬ್ಬಸ ಇರುವವರು ಊದುಬತ್ತಿ ಬಿಟ್ಟು ತುಪ್ಪದ ದೀಪಕ್ಕೆ ನಿಲ್ಲಲಿ.

ತಾಳ_ತಂಬೂರಿ

ವಾರಕ್ಕೊಮ್ಮೆಯ ಭಜನಾ ಮಂಡಳಿಯನ್ನು ಬಿಡಬೇಡಿ, ಮನೆಯೊಳಗಿನ ಒಂಟಿತನಕ್ಕೆ ಅದರಷ್ಟು ಒಳ್ಳೆಯ ಮದ್ದು ಕಡಿಮೆ. ಆದರೆ ಶ್ರುತಿ, ಅಂದರೆ ಹಾಡಿನ ಆಧಾರ ಸ್ವರ, ನೋಡಿಕೊಳ್ಳಿ. ಚೆನ್ನಾಗಿ ಹಾಡುವ ಒಬ್ಬರು ಐದೂವರೆ ಶ್ರುತಿಗೆ ಹಿಡಿದರೆ ಉಳಿದವರು ಮೇಲಿನ ಷಡ್ಜಕ್ಕೆ (ಮೇಲಿನ ‘ಸ’ಕ್ಕೆ) ಕಿರುಚುತ್ತಾರೆ ಇಲ್ಲವೇ ಬಾಯಿ ಮುಚ್ಚುತ್ತಾರೆ. 50 ದಾಟಿದವರೇ ಹೆಚ್ಚಿರುವ ಮಂಡಳಿಗೆ ನಾಲ್ಕರ ಶ್ರುತಿ ಸರಿ. ತಂಬೂರಿ ಆ್ಯಪಿನಲ್ಲಿ ‘ಎಫ್’ ಇಟ್ಟರೆ ಅದೇ. ಹೊಸ ಹಾಡು ತಿಂಗಳಿಗೆ ಒಂದೇ. ತಿಂಡಿಯ ಸರದಿ ಇಟ್ಟರೆ ಅದೇ ಪೈಪೋಟಿಯಾಗುತ್ತದೆ, ಹಾಲು-ಹಣ್ಣಿಗೆ ನಿಲ್ಲಿಸಿ.

ಮಾತ್ರೆಡಬ್ಬಿ

ಒಂದು ಎಚ್ಚರಿಕೆ. ಎರಡು ವಾರಕ್ಕೂ ಮೀರಿ ನಿದ್ದೆಯಿಲ್ಲದೆ, ಹಸಿವಿಲ್ಲದೆ, ಕಾರಣವಿಲ್ಲದೆ ಅಳು ಬರುತ್ತಿದ್ದರೆ, ಇಷ್ಟದೇವರ ಮುಂದೆ ಕೂತರೂ ಏನೂ ಅನ್ನಿಸದಿದ್ದರೆ ಅದನ್ನು ಭಕ್ತಿ ಸಾಲದು ಅಂತ ಓದಿಕೊಂಡು ವ್ರತ ಹೆಚ್ಚಿಸಬೇಡಿ. ಅದು ಖಿನ್ನತೆ ಇರಬಹುದು. ಥೈರಾಯ್ಡ್, ರಕ್ತಹೀನತೆ, ಬಿ12 ಕೊರತೆಯೂ ಹೀಗೇ ತೋರುತ್ತವೆ, ಮೂರನ್ನೂ ರಕ್ತಪರೀಕ್ಷೆಯಲ್ಲಿ ನೋಡಿಸಿ. ಸರ್ಕಾರದ ಟೆಲಿ-ಮಾನಸ್ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಅಂದೇ ಮಾಡಿ.

ಮೊಗ್ಗಿನಜಡೆ

ಜಪಮಣಿ ಇಲ್ಲದೆ ಬೆರಳಲ್ಲಿ 108 ಎಣಿಸುವುದು ಹೇಗೆ? ನಡುವೆ ತಪ್ಪಿಹೋಗುತ್ತದೆ.

ದ್ವಾದಶಿ

ಬಲಗೈ ಉಂಗುರಬೆರಳಿನ ನಡುಗೆಣ್ಣು 1, ಅದರ ಬುಡ 2. ಕಿರುಬೆರಳಿನ ಬುಡ 3, ನಡು 4, ತುದಿ 5. ಉಂಗುರಬೆರಳಿನ ತುದಿ 6, ನಡುಬೆರಳಿನ ತುದಿ 7, ತೋರುಬೆರಳಿನ ತುದಿ 8, ನಡು 9, ಬುಡ 10. ನಡುಬೆರಳಿನ ಉಳಿದೆರಡು ಗೆಣ್ಣು ಮೇರು, ಮುಟ್ಟುವಂತಿಲ್ಲ. ಹೆಬ್ಬೆರಳಿನಿಂದ ಹೀಗೆ ಒಂದು ಸುತ್ತಾದಾಗ ಎಡಗೈಯ ಒಂದು ಗೆಣ್ಣು ಹಿಡಿಯಿರಿ. ಎಡಗೈಯನ್ನೂ ಇದೇ ಕ್ರಮದಲ್ಲಿ ನಡೆಸಿದರೆ ಹತ್ತು ಗೆಣ್ಣಿಗೆ 100, ಮೇಲೆ ಬಲಗೈಯಲ್ಲಿ 8. ತಪ್ಪುವುದು ಸಾಮಾನ್ಯವಾಗಿ 5ರಿಂದ 6ಕ್ಕೆ ದಾಟುವಾಗ. ಮೊದಲ ಎರಡು ದಿನ ನಾಮವಿಲ್ಲದೆ ಬರೀ ಅಂಕಿ ಹೇಳಿ ಬೆರಳಿಗೆ ದಾರಿ ಕಲಿಸಿ.